ಚೌಡವ್ವನ ಗಾಡಿಯ ತಳ

ಡಾಂಬರಿನ ಮೊದಲ ಹನಿ ಚೌಡವ್ವನ ಹುಬ್ಬಿನ ಮೇಲೆ ಬಿತ್ತು. ಎರಡನೆಯದು ಕಿವಿಯ ಹತ್ತಿರ ಬಿದ್ದು ಮೆಲ್ಲಗೆ ಕೂದಲೊಳಗೆ ಇಳಿಯಿತು. ಒರೆಸಿಕೊಳ್ಳೋಣವೆಂದರೆ ಕೈ ಮಡಚಲು ಜಾಗವಿಲ್ಲ. ಗಾಡಿಯ ಕೆಳಗೆ ಗೋಣಿತಟ್ಟು ಹಾಸಿಕೊಂಡು ಅಂಗಾತ ಮಲಗಿದ್ದಳು. ಮೂಗಿನಿಂದ ಒಂದು ಗೇಣು ಮೇಲೆ ಗಾಡಿಯ ತಳದ ಹಲಗೆ. ಬ್ರಷ್ಷು ಮೇಲಕ್ಕೆ ಎತ್ತಿದರೆ ಮೊಣಕೈ ನೆಲಕ್ಕೆ ಬಡಿಯುತ್ತಿತ್ತು, ಮೊಣಕೈ ಉಳಿಸಿಕೊಂಡರೆ ಬ್ರಷ್ಷು ಹಲಗೆಗೆ ಮುಟ್ಟುತ್ತಿರಲಿಲ್ಲ.

"ಬಣ್ಣಾ ಗಾಡಿಗೆ ಹಚ್ಚಾಕತ್ತೀಯೋ, ಮಾರಿಗೆ ಹಚ್ಚಿಕೊಳ್ಳಾಕತ್ತೀಯೋ?" ಕಟ್ಟೆಯ ಮೇಲೆ ಕುಳಿತಿದ್ದ ಗಂಡ ಗೋಪಣ್ಣ ಕೇಳಿದ.

"ನಗಿ ಬಂದ್ರ ನಗ್ರಿ. ಹಲ್ಲಿಗರ ಗಾಳಿ ಆಡ್ಲಿ," ಎಂದಳು ಚೌಡವ್ವ ಕೆಳಗಿನಿಂದಲೇ.

ಬೆಟಗೇರಿಯ ಆ ಓಣಿಯಲ್ಲಿ ಅವತ್ತು ನಗದೆ ಇದ್ದವರು ಕಡಿಮೆ. ನೀರು ತುಂಬಲು ಬಂದ ಹೆಂಗಸರು ಕೊಡ ಸೊಂಟದಲ್ಲಿಟ್ಟುಕೊಂಡೇ ಬಗ್ಗಿ ನೋಡಿ, ಸೆರಗು ಬಾಯಿಗೆ ಹಿಡಿದುಕೊಂಡು ಹೋದರು. ಅರವತ್ತರ ಹತ್ತಿರದ ಹೆಂಗಸು ಗಾಡಿಯ ಕೆಳಗೆ ಮಲಗಿ ಡಾಂಬರು ಹಚ್ಚುವುದನ್ನು ಅವರು ಹಿಂದೆಂದೂ ನೋಡಿರಲಿಲ್ಲ.

ಗಾಡಿ ಎಂದರೆ ಎತ್ತಿನ ಗಾಡಿಯಲ್ಲ. ಎರಡು ಗಾಲಿಯ ಕಬ್ಬಿಣದ ಚೌಕಟ್ಟು, ಅದರ ಮೇಲೆ ಪ್ಲೈವುಡ್ಡಿನ ಒಂದು ಪುಟ್ಟ ಕೋಣೆ, ಮೇಲೆ ತಗಡು, ಹಿಂದೆ ಬಾಗಿಲು, ಪಕ್ಕಕ್ಕೊಂದು ಕಿಟಕಿ. ಒಳಗೆ ಇಬ್ಬರು ಕಾಲು ಚಾಚಿ ಮಲಗಬಹುದು. ಮೂಲೆಯಲ್ಲಿ ಒಂದು ಒಲೆ, ಕೆಳಗೆ ಸೀರೆಯ ಗಂಟುಗಳಿಗೆ ಜಾಗ. ಮಗ ಸಾಗರ ಬಾಡಿಗೆಗೆ ಓಡಿಸುವ ಜೀಪಿನ ಹಿಂದೆ ಕೊಂಡಿ ಸಿಕ್ಕಿಸಿಬಿಟ್ಟರೆ ಮನೆಯೇ ಹೊರಟಂತೆ. ಇದನ್ನು ಕಂಪನಿಯವರು ಮಾಡಿದ್ದಲ್ಲ, ಅಂಗಡಿಯಲ್ಲಿ ಸಿಗುವಂಥದ್ದೂ ಅಲ್ಲ. ಚೌಡವ್ವ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು ತೋರಿಸಿದಳು, ವೆಲ್ಡಿಂಗ್ ಅಂಗಡಿಯ ಉಸ್ಮಾನಸಾಬ ಚೌಕಟ್ಟು ಬೆಸೆದುಕೊಟ್ಟ, ಸಾಗರ ಬಿಡುವಿದ್ದಾಗ ಹಲಗೆ ಕೊಯ್ದು ಮೊಳೆ ಹೊಡೆದ. ಗೋಪಣ್ಣ ಕಟ್ಟೆಯ ಮೇಲೆ ಕುಳಿತು ಹೆಸರಿಟ್ಟ. ಒಂದು ದಿನ 'ಗೂಡು' ಅಂದ, ಇನ್ನೊಂದು ದಿನ 'ಪೆಟ್ಟಿಗಿ' ಅಂದ.

ಅವಳಿಗೆ ಈ ಗಾಡಿ ಯಾಕೆ ಬೇಕಾಯಿತೆಂದರೆ, ಪಟ್ಟೇದಂಚಿನ ಸೀರೆಗಳನ್ನು ಗಂಟು ಕಟ್ಟಿಕೊಂಡು ಹಳ್ಳಿಗೆ ಹೋಗಿ ಮಾರುವುದು ಅವಳ ಕಸುಬು. ಡಂಬಳ, ಬಾಳೆಹೊಸೂರ, ಹಿರೇವಡ್ಡಟ್ಟಿ ಎಂದು ಊರೂರು ತಿರುಗುತ್ತಾಳೆ. ಸೀರೆ ಕೊಳ್ಳುವ ಹೆಂಗಸರು ಹಗಲೆಲ್ಲ ಹೊಲದಲ್ಲಿರುತ್ತಾರೆ. ಅವರು ಬಂದು, ಕೈಕಾಲು ತೊಳೆದು, ರೊಟ್ಟಿ ಬಡಿದು ಸೀರೆ ನೋಡಲು ಕೂರುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಹಾಗಾಗಿ ಮಾರಿದ ಊರಿನಲ್ಲೇ ಮಲಗಬೇಕು. ಮಲಗಲು ಜಾಗ ಇಲ್ಲವೆಂದವರು ಯಾರೂ ಇಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟರು, ರೊಟ್ಟಿ ಪಲ್ಯ ಕೊಟ್ಟರು, ಸುಳ್ಳು ಯಾಕೆ ಹೇಳಬೇಕು. ಆದರೆ ಮಂದಿಯ ಪಡಸಾಲೆಯಲ್ಲಿ ಮಲಗುವ ಹೆಂಗಸಿಗೆ ನಿದ್ದೆ ಎಂಬುದು ಅರ್ಧವೇ. ನಾಯಿ ಬೊಗಳಿದರೆ ಗಂಟು ತಡವಿ ನೋಡಬೇಕು, ಮನೆಯ ಗಂಡಸು ಕೆಮ್ಮಿದರೆ ಎದ್ದು ಕೂರಬೇಕು. 'ನನ್ನ ಚಿಲಕಾ ನಾನ ಹಾಕ್ಕೊಂಡು ಮಲಗಬೇಕು' ಎಂಬುದು ಅವಳ ಬಹುದಿನದ ಆಸೆ. ಅದಕ್ಕಿಂತ ಹೆಚ್ಚಿನದೇನನ್ನೂ ಅವಳು ಯಾವ ದೇವರಲ್ಲೂ ಕೇಳಿರಲಿಲ್ಲ.

"ಮೂಗಿಗಿಂತ ಮೂಗುತಿ ಭಾರ ಆತು," ಎಂದಿದ್ದ ಗೋಪಣ್ಣ. ಮೊದಲು ಇಂಥ ಮಾತಾಡುವ ಮನುಷ್ಯನಾಗಿರಲಿಲ್ಲ ಅವನು. ಹಿತ್ತಲ ಶೆಡ್ಡಿನಲ್ಲಿದ್ದ ಮಗ್ಗಗಳನ್ನು ಮಾರಿದ ಮೇಲೆ ಕೈಗೆ ಕೆಲಸವಿಲ್ಲದೆ, ಬಾಯಿಗೆ ಕೆಲಸ ಜಾಸ್ತಿಯಾಗಿತ್ತು. ಈಗ ಚೌಡವ್ವ ಬೇರೆಯವರು ನೇಯ್ದ ಸೀರೆ ಒಯ್ದು ಮಾರುತ್ತಿದ್ದಳು. ಅದನ್ನು ಅವನು ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಒಳಗೆ ಅದು ಚುಚ್ಚುತ್ತಿತ್ತು.

ಎಡವಟ್ಟಾದದ್ದು ಮಣ್ಣೆತ್ತಿನ ಅಮಾವಾಸ್ಯೆಯಂದು. ಗಾಡಿಯ ಗೋಡೆ, ಮಾಳಿಗೆ ಎಲ್ಲ ಮುಗಿದು ತಳಕ್ಕೆ ಡಾಂಬರು ಹಚ್ಚುವುದೊಂದು ಬಾಕಿಯಿತ್ತು. "ಸ್ವಲ್ಪ ತಡೀರಿ ಅಕ್ಕಾ, ತಳಾ ಮುಗಿಸಿಕೊಂಡ ಒಯ್ಯೀರಂತ," ಎಂದು ಉಸ್ಮಾನಸಾಬ ಹೇಳಿದ್ದ. ಚೌಡವ್ವ ಕೇಳಲಿಲ್ಲ. ಮಣ್ಣಿನ ಎತ್ತು ಮಾಡಿ ಪೂಜಿಸುವ ದಿನಕ್ಕಿಂತ ಗಾಡಿಗೆ ಒಳ್ಳೆಯ ದಿನ ಯಾವುದಿದೆ? ಗಾಡಿ ಎಳೆಸಿಕೊಂಡು ಬಂದು, ಗಾಲಿಗೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಜೀಪಿಗೆ ಸಿಕ್ಕಿಸುವ ಮೂಕಿಯ ಮುಂದೆ ಜೋಡಿ ಮಣ್ಣೆತ್ತು ಇಟ್ಟು ಕಾಯಿ ಒಡೆದಳು. ಓಣಿಗೆಲ್ಲ ಹೋಳಿಗೆ ಊಟ ಹಾಕಿದಳು. ತಳ ಯಾರಿಗೆ ಕಾಣುತ್ತದೆ, ಆಮೇಲೆ ಮಾಡಿದರಾಯಿತು ಎಂದುಕೊಂಡಳು.

ತಳ ಕಂಡಿದ್ದು ಮಳೆಗೆ. ಮೊದಲ ಸಲ ಬಾಳೆಹೊಸೂರಿಗೆ ಹೊರಟಾಗ ಲಕ್ಷ್ಮೇಶ್ವರ ದಾಟುತ್ತಲೇ ಹನಿ ಶುರುವಾಯಿತು. ಊರು ಮುಟ್ಟಿ ಬಾಗಿಲು ತೆಗೆದರೆ ಹಲಗೆ ಉಬ್ಬಿತ್ತು, ಸಂದಿಯಿಂದ ಎರೆಮಣ್ಣಿನ ಕರಿನೀರು ಮೇಲೆದ್ದು ಗಂಟಿನೊಳಗೆ ಹೊಕ್ಕಿತ್ತು. ಸಾಸಿವೆ ಬಣ್ಣದ ಹೊಸ ಸೀರೆಯ ಮೇಲೆ ಕೆಂಪು ಅಂಚು ಬಣ್ಣ ಬಿಟ್ಟು ಹರಿದಿತ್ತು. ಅವತ್ತು ಚೌಡವ್ವ ಯಾರ ಮನೆಗೂ ಹೋಗದೆ, ಜೀಪಿನಲ್ಲಿ ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ತಿರುಗಿ ಬಂದಳು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು.

"ಆತಲ್ಲ? ಇನ್ನ ಕೋಳಿ ಸಾಕು ಅದರಾಗ," ಎಂದ ಗೋಪಣ್ಣ.

"ಪಂಚಮಿ ಮಾರಾಟಕ್ಕ ಇದರಾಗ ಹೋಗಿ ಬರ್ತೀನಿ," ಎಂದಳು ಚೌಡವ್ವ. "ಇನ್ನೊಮ್ಮೆ ಒಳಗ ಒಂದು ಹನಿ ನೀರ ಬಂತಂದ್ರ, ಕೋಳಿ ಅಲ್ಲ, ನೀವ ಹೇಳಿದ್ದು ಸಾಕ್ತೀನಿ. ಮತ್ತ ಗಾಡಿ ಹೆಸರ ಎತ್ತೂದಿಲ್ಲ. ಇದು ಆಣಿ."

ಉಸ್ಮಾನಸಾಬ ಬಂದು ನೋಡಿ, ಇದೇನು ದೊಡ್ಡ ಕೆಲಸವಲ್ಲವೆಂದ. ಹಲಗೆ ಚೆನ್ನಾಗಿ ಒಣಗಿಸಬೇಕು. ನಾಲ್ಕು ಜನ ಹಿಡಿದು ಗಾಡಿ ಡಬ್ಬ ಹಾಕಬೇಕು. ತಳ ಮೇಲೆ ಬಂದರೆ ಅಂಗಳ ಸಾರಿಸಿದ ಹಾಗೆ ಡಾಂಬರು ಹಚ್ಚಬಹುದು.

ಚೌಡವ್ವ ಕಿವಿ ಮುಚ್ಚಿಕೊಂಡಳು. "ಪೂಜಿ ಆದ ಗಾಡಿ ಡಬ್ಬ ಹಾಕೋದಾ? ಏನ ಮಾತಾಡ್ತಿ ಉಸ್ಮಾನಣ್ಣಾ!"

ಅವರ ಮನೆಯಲ್ಲಿ ನೂಲು ಸುತ್ತುವ ರಾಟೆ ಅಪ್ಪಿತಪ್ಪಿ ಮಗುಚಿದರೂ ಎತ್ತಿ ನಿಲ್ಲಿಸಿ ಕೈಮುಗಿಯಬೇಕು. ಕುಂಕುಮ ಕಂಡ ವಸ್ತುವನ್ನು ಕೈಯಾರೆ ಬೋರಲು ಹಾಕಿದರೆ ಆ ಕಸುಬೇ ಬೋರಲಾಯಿತೆಂದು ಲೆಕ್ಕ. ಮತ್ತೊಂದು ಪೂಜೆ ಮಾಡಿದರೆ ಸರಿಹೋಗುತ್ತದೆ ಎಂದು ಸಾಗರ ಹೇಳಿ ನೋಡಿದ. "ದೇವರ ಮುಂದ ಚೌಕಾಸಿ ಮಾಡ್ತೀಯೇನಲೇ?" ಎಂದು ಬೈಸಿಕೊಂಡ.

"ಹಂಗಿದ್ರ ಪೂಜಿ ಯಾಕ ಇಷ್ಟ ಜಲ್ದಿ ಮಾಡಿದ್ರಿ ಅಕ್ಕಾ?" ಉಸ್ಮಾನಸಾಬ ಗೋಳಾಡಿಕೊಂಡ. ಚೌಡವ್ವನ ಪೂಜೆಯೇ ಅವಳನ್ನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಮಾಡಿತ್ತು. ಗಾಲಿಯ ಕೆಳಗೆ ಕಲ್ಲು ಕೊಟ್ಟು ಎತ್ತಿದರೆ ಸ್ವಲ್ಪ ಎದ್ದಿತು. ಇನ್ನೂ ಎತ್ತಹೋದರೆ ಒಂದು ಕಡೆ ವಾಲುತ್ತಿತ್ತು. ಕೊನೆಗೆ ಸೆರಗು ಸಿಕ್ಕಿಸಿ ತಾನೇ ಕೆಳಗೆ ನುಸುಳಿದಳು.

ಮಧ್ಯಾಹ್ನದವರೆಗೆ ಹೆಣಗಿ ಹೊರಬಂದಾಗ ಹಲಗೆಗೆ ಹತ್ತಿದ್ದು ಒಂದು ರೊಟ್ಟಿಯಗಲದ ಡಾಂಬರು. ಉಳಿದದ್ದು ಕೊರಳಿಗೆ, ಕೈಗೆ, ಕೂದಲಿಗೆ. ಎದ್ದು ನಿಂತವಳು ಹಾಗೇ ಗೋಡೆಗೊರಗಿ ಕೂತುಬಿಟ್ಟಳು.

ಗೋಪಣ್ಣ ನಗಲಿಲ್ಲ. ಒಳಗೆ ಹೋಗಿ ಕುಸುಬಿ ಎಣ್ಣೆಯ ಬಟ್ಟಲು, ಹಳೆಯ ಅರಿವೆ ತಂದು ಅವಳ ಹಿಂದೆ ಕುಳಿತ. ಗಂಟುಗಂಟಾಗಿದ್ದ ಕೂದಲನ್ನು ಎಳೆ ಎಳೆ ಬಿಡಿಸಿ ಎಣ್ಣೆ ಹಚ್ಚಿ ಡಾಂಬರು ಒರೆಸತೊಡಗಿದ. ಕಡಿದ ನೂಲನ್ನು ಹುಡುಕಿ ಗಂಟು ಹಾಕಿದ ಬೆರಳುಗಳು ಅವು. ಒಂದು ಕೂದಲೂ ಕೀಳಲಿಲ್ಲ.

"ಕಣ್ಣಾಗ ಬಿದ್ದಿದ್ರ ಏನ ಮಾಡ್ತಿದ್ದಿ?"

"ಇನ್ನೊಂದ ಇತ್ತಲ್ಲ."

"ಹುಡುಗಾಟ ಸಾಕು. ಯಾಕಿಷ್ಟು ಹಠಾ ನಿಂದು? ಇಷ್ಟು ವರ್ಷ ಪಡಸಾಲ್ಯಾಗ ಮಲಗಿಲ್ಲೇನು?"

ಚೌಡವ್ವ ಅಂಗೈಗೆ ಹತ್ತಿದ ಡಾಂಬರನ್ನು ಉಗುರಿನಿಂದ ಕೆರೆದಳು. "ಒಮ್ಮೆ ಒಂದೂರಾಗ ಅಡ್ಡ ಮಳಿ ಬಂತು. ಪಡಸಾಲಿ ತುಂಬ ಎರಚಲ. ಒಳಗ ಬಾಣಂತಿ ಮಲಗಿದ್ಲು, ಬಾಗಲಾ ಬಡಿಯೂದು ಹೆಂಗ? ಗಂಟು ತೊಯ್ಯಬಾರದಂತ ಅದರ ಮ್ಯಾಲ ನಾನ ಬೋರಲ ಬಿದ್ದೆ. ಬೆಳಗಾಗೂತನಾ ಹಂಗ ಇದ್ದೆ. ನೀವು ನೇಯ್ದ ಸೀರಿ ಅವು. ಒಂದೂ ತೊಯ್ಲಿಲ್ಲ ನೋಡ್ರಿ."

ಗೋಪಣ್ಣನ ಕೈ ನಿಂತಿತು. ಗಂಟು ಮನೆಯಿಂದ ಹೋದದ್ದು ಅವನಿಗೆ ಗೊತ್ತಿತ್ತು, ಖಾಲಿಯಾಗಿ ಬಂದದ್ದು ಗೊತ್ತಿತ್ತು. ನಡುವಿನ ರಾತ್ರಿಗಳು ಗೊತ್ತಿರಲಿಲ್ಲ. ಇವಳು ಯಾವತ್ತೂ ಹೇಳಿರಲಿಲ್ಲ, ತಾನೂ ಕೇಳಿರಲಿಲ್ಲ. ಅವನು ಮತ್ತೆ ಕೂದಲು ಬಿಡಿಸತೊಡಗಿದ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ದಡಬಡ ಸದ್ದು ಕೇಳಿ ಚೌಡವ್ವ ಓಡಿದಳು. ಗೋಪಣ್ಣ ಶೆಡ್ಡಿನ ಜೋಡಿ ಬಾಗಿಲು ಪೂರ್ತಿ ತೆಗೆದು, ನೆಲದ ಮೇಲಿನ ಹಲಗೆಗಳನ್ನು ಕಿತ್ತು ಗೋಡೆಗೆ ಒರಗಿಸುತ್ತಿದ್ದ. ಹಲಗೆಗಳ ಕೆಳಗಿದ್ದವು ಮಗ್ಗದ ಕುಣಿಗಳು. ನೇಕಾರ ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟು ತುಳಿಮಣೆ ತುಳಿಯುವ ಕುಣಿಗಳು, ಸಾಲಾಗಿ ನಾಲ್ಕು. ಮಗ್ಗ ಹೋದರೂ ಕುಣಿಗೆ ಮಣ್ಣು ತುಂಬಲು ಅವನು ಬಿಟ್ಟಿರಲಿಲ್ಲ.

"ಸಾಗರಾ! ಗಾಡಿ ತಂದು ಈ ಕುಣಿ ಮ್ಯಾಲ ನಿಂದರಸು," ಎಂದು ಕೂಗಿದ. ಹೆಂಡತಿಯ ಕಡೆ ತಿರುಗಿ, "ನಿನ್ನ ಗಾಡಿ ಡಬ್ಬ ಬೀಳೂದು ಬ್ಯಾಡ. ನಾನ ಕೆಳಗ ಇಳೀತೀನಿ. ಮಂದಿ ಒಮ್ಮೆ ಕುಣಿಗೆ ಹೋದ್ರ ಏಳೂದಿಲ್ಲ. ನಾ ದಿನಾ ಇಳಿದು ದಿನಾ ಎದ್ದು ಬಂದಾವ," ಎಂದ.

ಚೌಡವ್ವ ಅಂದದ್ದು ಒಂದೇ ಮಾತು: "ಚಹಾ ಕುಡದರ ಇಳೀರಿ."

ಗಾಡಿ ಕುಣಿಯ ಮೇಲೆ ಬಂದು ನಿಂತಿತು. ಗೋಪಣ್ಣ ಕುಣಿಯ ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ತಲೆ ನೆಲದ ಮಟ್ಟಕ್ಕೆ, ಹಲಗೆ ತೋಳಳತೆಗೆ; ಅವನಿಗೆಂದೇ ಅಳೆದು ತೆಗೆದ ಹಾಗಿತ್ತು. ಮೊದಲು ಉಜ್ಜುಕಾಗದದಿಂದ ಹಲಗೆ ಉಜ್ಜಿದ. ಸಾಗರ ಟರ್ಪೆಂಟೈನ್ ಬೆರೆಸಿ ಕಲಸಿಕೊಟ್ಟ ಡಾಂಬರು ನೋಡಿ, "ಇನ್ನಷ್ಟು ತೆಳ್ಳಗ ಮಾಡು. ನೂಲಿಗೆ ಗಂಜಿ ದಪ್ಪಾದ್ರ ಹೊಪ್ಪಳಿಕಿ ಏಳ್ತಾವು, ಇದೂ ಅಷ್ಟ," ಎಂದ. ಅಂಗಡಿಯ ಬ್ರಷ್ಷು ಆಚೆ ಎಸೆದು, ಹಾಸುನೂಲಿಗೆ ಗಂಜಿ ಹಚ್ಚುತ್ತಿದ್ದ ತನ್ನ ಅಗಲದ ಕುಂಚ ತರಿಸಿದ. ಮೊದಲು ಉದ್ದಕ್ಕೆ ಒಂದು ಕೈ. ಅದು ಒಣಗಿದ ಮೇಲೆ ಅಡ್ಡಕ್ಕೆ ಒಂದು ಕೈ. ಕುಂಚ ಹಲಗೆಯ ಮೇಲೆ ಸರ್ರನೆ ಓಡಿದರೆ ಒಂದು ಹನಿಯೂ ಕೆಳಗೆ ಬೀಳುತ್ತಿರಲಿಲ್ಲ.

ಹಲಗೆ ಹಲಗೆ ಕೂಡುವ ಸಂದಿ ಬಂದಾಗ ಮಾತ್ರ ಅವನು ತಡೆದ. ಅಲ್ಲಿಂದಲೇ ನೀರು ಏರಿದ್ದು. ಬರೀ ಡಾಂಬರು ಗಾಡಿ ಕುಲುಕಿದರೆ ಬಿರಿಯುತ್ತದೆ. ಉಸ್ಮಾನಸಾಬನಿಗೂ ಸರಿಯಾದ ಉಪಾಯ ತೋಚಲಿಲ್ಲ. ಚೌಡವ್ವ ಒಳಗೆ ಹೋಗಿ ತನ್ನ ಹಳೆಯ ನೂಲಿನ ಸೀರೆಯೊಂದನ್ನು ತಂದು ಪರ್ರನೆ ಹರಿದಳು. "ಹಪ್ಪಳದ ಡಬ್ಬಿ ಬಾಯಿಗೆ ಅರಿವಿ ಕಟ್ಟಂಗಿಲ್ಲೇನು? ಇದನ್ನ ಡಾಂಬರದಾಗ ಅದ್ದಿ ಸಂದಿಗೆ ಮೆತ್ತರಿ. ಮ್ಯಾಲ ಮತ್ತೊಂದು ಕೈ ಹೊಡೀರಿ. ಹಲಗಿ ಅಲುಗಿದ್ರೂ ಅರಿವಿ ಬಿಡೂದಿಲ್ಲ."

ಗೋಪಣ್ಣ ಕುಣಿಯೊಳಗಿಂದ ತಲೆಯೆತ್ತಿ ನೋಡಿದ. "ನಿನ್ನ ತಲಿ ತಲೀನ," ಎಂದ. ಮದುವೆಯಾದಂದಿನಿಂದ ಚೌಡವ್ವ ಕಾಯುತ್ತಿದ್ದ ಮಾತು ಅದು. ಕೇಳಿಸಲಿಲ್ಲವೆಂದು ಹೇಳಿ ಇನ್ನೊಮ್ಮೆ ಅನ್ನಿಸಿಕೊಂಡಳು.

ಮೊದಲ ಕುಣಿಯ ಮೇಲಿನ ಪಟ್ಟಿ ಮುಗಿದರೆ ಗಾಡಿ ತಳ್ಳುವುದು, ಗೋಪಣ್ಣ ಎದ್ದು ಮುಂದಿನ ಕುಣಿಗೆ ಇಳಿಯುವುದು. ಸುದ್ದಿ ಹರಡಿ ಓಣಿಯೇ ಶೆಡ್ಡಿನ ಬಾಗಿಲಿಗೆ ಬಂತು. ನಿನ್ನೆ ನಕ್ಕ ಹೆಂಗಸರೇ ಇವತ್ತು ಹಳೆಯ ಅರಿವೆ ತಂದು ಪಟ್ಟಿ ಹರಿದುಕೊಟ್ಟರು. ಪಕ್ಕದ ಮನೆಯ ಮುದುಕ ನೇಕಾರನೊಬ್ಬ ಕೋಲೂರಿಕೊಂಡು ಬಂದು, "ಗೋಪ್ಯಾ, ಅಂಚು ನೋಡಪಾ! ಸೀರಿ ಹಾಳಾಗೂದು ಅಂಚಿನಿಂದ," ಎಂದು ಎಚ್ಚರಿಸಿದ. "ಅಂಚಿಗೆ ಮೂರು ಕೈ ಹೊಡದೀನಿ ಕಾಕಾ," ಎಂದು ಕುಣಿಯೊಳಗಿಂದ ದನಿ ಬಂತು. ಮಗ್ಗ ಹೋದ ಮೇಲೆ ಆ ದನಿಯಲ್ಲಿ ಅಷ್ಟು ಹುರುಪು ಯಾರೂ ಕೇಳಿರಲಿಲ್ಲ. ಕೆಲಸ ಮುಗಿದಾಗ ತಳ ಕರಿ ಎಮ್ಮೆಯ ಮೈಯಂತೆ ಮಿರಿಮಿರಿ ಹೊಳೆಯುತ್ತಿತ್ತು.

ಪಂಚಮಿಗೆ ಮುಂಚೆ ಗಾಡಿ ಹಿರೇವಡ್ಡಟ್ಟಿಗೆ ಹೊರಟಿತು. ಕರೆಯದಿದ್ದರೂ ಗೋಪಣ್ಣ ಜೀಪು ಹತ್ತಿ ಕೂತಿದ್ದ. "ನಾ ಹಚ್ಚಿದ ಡಾಂಬರಾ ನಾ ನೋಡಬ್ಯಾಡೇನು?" ಎಂದ. ಡಂಬಳ ದಾಟಿದ ಮೇಲೆ ಮುಂದೊಂದು ಹಳ್ಳ ತುಂಬಿ ಸೇತುವೆಯ ಮೇಲೆ ಹರಿಯುತ್ತಿತ್ತು. ಎರಡೂ ದಡದಲ್ಲಿ ವಾಹನಗಳು ನಿಂತಿದ್ದವು. ಮಳೆ ನಿಂತು ನೀರು ಇಳಿಯುತ್ತ ಬಂದಾಗ ಮೊದಲು ಒಂದು ಬಸ್ಸು ದಾಟಿತು, ಅದರ ಹಿಂದೆ ಟ್ರ್ಯಾಕ್ಟರು. ಸಾಗರ ತಾಯಿಯ ಮುಖ ನೋಡಿದ.

"ಏನ ಮಾಡೂಣು ಯವ್ವಾ? ನೀರು ತಳಕ್ಕ ಹೊಡೀತೈತಿ."

ಒಳಗೆ ಪಂಚಮಿಯ ಸೀರೆಗಳೆಲ್ಲ ಇದ್ದವು. ನೆಲದ ಮೇಲೇ ಇದ್ದವು. ಗಂಟುಗಳನ್ನು ಜೀಪಿಗೆ ತೆಗೆದುಕೊಳ್ಳಬಹುದಿತ್ತು. ಚೌಡವ್ವ ಒಂದು ಕ್ಷಣ ಯೋಚಿಸಿ, "ಹೊಡೀಲಿ. ನಡಿ," ಎಂದಳು.

ಜೀಪು ನೀರಿಗಿಳಿಯಿತು. ಹಿಂದೆ ಗಾಡಿಯ ತಳಕ್ಕೆ ನೀರು ಧಬಧಬ ಬಡಿಯುವುದು ಮೂವರಿಗೂ ಕೇಳಿಸುತ್ತಿತ್ತು. ಗೋಪಣ್ಣ ಕಣ್ಣು ಮುಚ್ಚಿದ್ದ. ಚೌಡವ್ವ ಹಿಂದೆ ತಿರುಗಿ, ಕಣ್ಣು ಮಿಟುಕಿಸದೆ ಗಾಡಿಯನ್ನೇ ನೋಡುತ್ತಿದ್ದಳು. ಆಚೆ ದಡ ಹತ್ತಿದ ಮೇಲೆ ಸಾಗರ ನಿಲ್ಲಿಸಹೋದರೆ ಗೋಪಣ್ಣ, "ಬ್ಯಾಡ, ಊರಿಗೆ ಹೋಗಿ ನೋಡೂಣು," ಎಂದ. ಅವನಿಗೆ ಹೆದರಿಕೆಯಾಗಿತ್ತು.

"ಇಲ್ಲೇ ನೋಡೂದು," ಎಂದು ಚೌಡವ್ವ ಇಳಿದಳು.

ಬಾಗಿಲು ತೆಗೆದು ಒಳಹೊಕ್ಕಳು. ಗಂಟು ಸರಿಸಿ, ನೆಲದ ಮೇಲೆ ಅಂಗೈ ಊರಿದಳು. ಮೂಲೆಗೆ ಹೋಗಿ ಊರಿದಳು. ಸಂದಿಯುದ್ದಕ್ಕೂ ಬೆರಳು ಎಳೆದುಕೊಂಡು ಹೋದಳು. ಹೊರಗೆ ಗೋಪಣ್ಣ ಬಾಗಿಲ ಕಡೆಗೇ ನೋಡುತ್ತ ನಿಂತಿದ್ದ. ಅವಳು ಬಾಗಿಲಿಗೆ ಬಂದು ಕೈ ಮುಂದೆ ಚಾಚಿ ತೋರಿಸಿದಳು. ಅಂಗೈ ತುಂಬ ಮರದ ಪುಡಿ, ಒಣ ಒಣ. ಊದಿದರೆ ಹಾರಿತು.

"ಏನ್ರಿ!" ಎಂದು ಕೂಗಿದಳು. "ಗಂಡಸಂದ್ರ ನೀವ ಬಿಡ್ರಿ!"

ಆ ದಡದಲ್ಲಿ ಹಳ್ಳ ದಾಟಲು ಕಾದಿದ್ದ ಇನ್ನೊಂದು ಬಸ್ಸಿನ ಮಂದಿಯೆಲ್ಲ ಕಿಟಕಿಯಿಂದ ಇಣುಕಿದರು. ಗೋಪಣ್ಣ ನಾಚಿಕೆಗೆ ಏನು ಮಾಡಬೇಕೆಂದು ತಿಳಿಯದೆ, ಹೊಸ ಧೋತ್ರದಲ್ಲೇ ರಾಡಿಯಲ್ಲಿ ಮೊಣಕಾಲೂರಿ ಗಾಡಿಯ ಕೆಳಗೆ ತಲೆ ತೂರಿಸಿದ. ಅಲ್ಲಿಂದ ಅವನ ನಗು ಕೇಳಿತು. "ಹನಿ ನಿಲ್ಲವಲ್ಲದು ನೋಡ ಬಾರಲೇ! ಕೆಸುವಿನ ಎಲಿ ಆಗೇತಿ!"

ಹಿರೇವಡ್ಡಟ್ಟಿಯಲ್ಲಿ ಗಾಡಿ ನಿಂತದ್ದು ಮರಿಯವ್ವನ ಮನೆಯೆದುರಿನ ಬೇವಿನ ಮರದ ಕೆಳಗೆ. ಆ ಊರಿಗೆ ಬಂದಾಗೆಲ್ಲ ಚೌಡವ್ವ ಮಲಗುತ್ತಿದ್ದುದು ಅವಳ ಪಡಸಾಲೆಯಲ್ಲೇ. ಸಾಗರ ಕೊಂಡಿ ಬಿಡಿಸಿ ಜೀಪು ತೆಗೆದುಕೊಂಡು ಬಾಡಿಗೆಗೆ ಹೋದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಳೆ ಮತ್ತೆ ಸುರಿಯತೊಡಗಿತು. ಮರಿಯವ್ವ ಬಾಗಿಲಲ್ಲಿ ನಿಂತು ಕೂಗಿದಳು.

"ಚೌಡವ್ವಾ! ಅದರಾಗ ಏನ ತೊಯ್ಸಿಕೊಳ್ಳಾಕತ್ತಿ? ಇಬ್ಬರೂ ಬರ್ರಿ, ಪಡಸಾಲ್ಯಾಗ ಚಾಪಿ ಹಾಸೇನಿ."

ಚೌಡವ್ವ ಗಾಡಿಯ ಬಾಗಿಲು ಪೂರ್ತಿ ತೆಗೆದಳು. ಒಳಗೆ ದೀಪ ಉರಿಯುತ್ತಿತ್ತು, ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

"ನೀನ ಬಾರ ಯವ್ವಾ ಇವತ್ತು, ನಮ್ಮ ಮನಿಗೆ! ಸೊಸಿನ್ನೂ ಕರಕೊಂಡ ಬಾ!"

ಮರಿಯವ್ವ ಗೋಣಿಚೀಲದ ಕೊಪ್ಪೆ ಹೊದ್ದು, ಸೊಸೆ ಕಾವೇರಿಯ ಕೈ ಹಿಡಿದು ಅಂಗಳದ ನೀರು ದಾಟಿ ಓಡಿ ಬಂದಳು. ಬಾಗಿಲಿನವರೆಗೆ ಬಂದವಳು ಒಳಗಿನ ಹಾಸಿಗೆ, ಒಲೆ, ಗೋಡೆಯ ಗೂಟಕ್ಕೆ ತೂಗುಹಾಕಿದ ಗೋಪಣ್ಣನ ಟೋಪಿ ಎಲ್ಲ ನೋಡಿ, ಮೆಟ್ಟಿಲ ಮೇಲೇ ಅನುಮಾನಿಸುತ್ತ ನಿಂತಳು.

"ಕಾಲು ರಾಡಿ ಆಗ್ಯಾವು. ಎಲ್ಲಿ ಕುಂಡ್ರಲಿ?"

"ಎಲ್ಲಿ ಬೇಕಲ್ಲಿ ಕುಂಡ್ರು. ಒಳಗ ಬಾ."

ಗೋಪಣ್ಣ ಸರಿದು ಜಾಗ ಮಾಡಿ, ಚಹಾ ಬಸಿಯತೊಡಗಿದ. ಚೌಡವ್ವ ಹೊಸ ಗಂಟು ಬಿಚ್ಚಿ, ಎಲ್ಲಕ್ಕಿಂತ ಮೇಲಿನ ಸಾಸಿವೆ ಬಣ್ಣದ ಸೀರೆ ತೆಗೆದು, ಚಾಪೆ ಹಾಸದೆ, ಬರಿಯ ಹಲಗೆಯ ಮೇಲೆ ಉದ್ದಕ್ಕೂ ಹರವಿದಳು. ಗಾಡಿಯ ಕೆಳಗೆ ಅಂಗಳದ ನೀರು ಗಾಲಿಗಳ ನಡುವೆ ಹಾದು ಹರಿದು ಹೋಗುತ್ತಿತ್ತು. ಕಾವೇರಿ ಅಂಗೈಯನ್ನು ತನ್ನ ಸೆರಗಿಗೆ ಒರೆಸಿಕೊಂಡು, ಬಗ್ಗಿ, ಕೆಂಪು ಅಂಚನ್ನು ಮುಟ್ಟಿ ನೋಡಿದಳು.